ಇರಬಹುದು ಎನ್ನುವ ಕಾಯಿಲೆ

"ಆ ಹಾಸನದ ಟ್ರಾನ್ಸ್‌ಫರು ಇನ್ನೂ ಸಿಗುತ್ತಾ?"

ಉಪ್ಪಿನಕಾಯಿ ಇನ್ನೂ ಐತಾ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದ ಪರಮೇಶ್. ಚೈತ್ರ ಕಾವಲಿಯ ಮೇಲಿನ ರೊಟ್ಟಿಯನ್ನು ಮರೆತು ಗಂಡನ ಮುಖ ನೋಡಿದಳು. ಅವನು ತಟ್ಟೆಯಿಂದ ಕಣ್ಣು ಎತ್ತಲಿಲ್ಲ.

"ಯಾವ ಟ್ರಾನ್ಸ್‌ಫರು?"

"ಅದೇ, ಮದುವೆಗೆ ಮುಂಚೆ ಓಡಾಡ್ತಿದ್ದೆಯಲ್ಲ, ನಿಮ್ಮಮ್ಮನ ಮನೆ ಹತ್ರ ಆಗುತ್ತೆ ಅಂತ. ಈಗ ಅಲ್ಲಿಂದ ಇಲ್ಲಿಗೆ ಬರೋರು ಯಾರಾದ್ರೂ ಮ್ಯೂಚುವಲ್ಲಿಗೆ ಸಿಕ್ಕರೆ ತಗೋ. ಸುಮ್ನೆ ಯಾಕೆ ಇಲ್ಲಿ..."

ರೊಟ್ಟಿ ಸೀದ ವಾಸನೆ ಅಡುಗೆಮನೆ ತುಂಬಿತು. ಅವಳು ಕಪ್ಪಾದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು, ಖಾಕಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಹೊರಟುಬಿಟ್ಟಳು. ದಿನಾ ಬೈಕಿನಲ್ಲಿ ನೊಣವಿನಕೆರೆ ಬಸ್ ಸ್ಟಾಪಿಗೆ ಬಿಡುತ್ತಿದ್ದವನು ಅಂದು ಎದ್ದು ಬರಲೇ ಇಲ್ಲ.

ಚೈತ್ರ ತಿಪಟೂರು ಡಿಪೋದಲ್ಲಿ ಕಂಡಕ್ಟರ್. ತಿಪಟೂರಿನಿಂದ ನೊಣವಿನಕೆರೆ ಮೇಲೆ ತುರುವೇಕೆರೆಗೆ, ಅಲ್ಲಿಂದ ಮತ್ತೆ ವಾಪಸ್. ದಿನವಿಡೀ ತೆಂಗಿನ ತೋಟಗಳ ನಡುವೆ ಅದೇ ರಸ್ತೆ. ಮೊದಲ ಗಂಡ ಚಿಕ್ಕ ವಯಸ್ಸಿಗೇ ಕಾಯಿಲೆ ಬಿದ್ದು, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ತೀರಿಕೊಂಡಿದ್ದ. ಆಮೇಲೆ ಮದುವೆ ಎನ್ನುವ ಮಾತನ್ನು ಯಾರಾದರೂ ಎತ್ತಿದರೆ ಅವಳು ಸೀಟಿ ಊದಿ "ಮುಂದಕ್ಕೆ ನಡೀರಿ" ಎನ್ನುತ್ತಿದ್ದಳು.

ಹಾಗಿದ್ದವಳ ಬಸ್ಸಿಗೆ ಪರಮೇಶ್ ಹತ್ತಿದ್ದ. ತಂಗಿಯರ ಮದುವೆ, ಅಪ್ಪನ ಆರೈಕೆ, ತೋಟ, ಕೊಬ್ಬರಿ ಎನ್ನುತ್ತಲೇ ನಲವತ್ತು ದಾಟಿದವನು. ಬೈಕಿದ್ದರೂ ಬಸ್ಸು. ಕೈಯಲ್ಲಿ ಚೀಲವಿಲ್ಲ, ಬಗಲಲ್ಲಿ ಬ್ಯಾಗಿಲ್ಲ. ಕಿಟಕಿ ಪಕ್ಕ ಕೂತರೂ ತೋಟಗಳನ್ನು ನೋಡುತ್ತಿರಲಿಲ್ಲ. ಡ್ರೈವರ್ ತಲೆಯ ಮೇಲಿನ ಕನ್ನಡಿಯಲ್ಲಿ ಅವಳ ಕಣ್ಣು ಸಿಕ್ಕಿದೊಡನೆ ಮಾತ್ರ ಥಟ್ಟನೆ ಹೊರಗೆ ತಿರುಗಿ, ಹೊಲದಲ್ಲಿ ಯಾವುದೋ ಹಸುವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಮೊದಲು ಪತ್ತೆ ಹಚ್ಚಿದವನು ಡ್ರೈವರ್ ದೊಡ್ಡಣ್ಣ. "ಚೈತ್ರಮ್ಮ, ಈ ಯಪ್ಪ ತಿಪಟೂರಲ್ಲಿ ಇಳಿದು ಒಂದು ಟೀ ಕುಡಿದು ನಮ್ಮ ಬಸ್ಸಿಗೇ ವಾಪಸ್ ಹತ್ತುತಾನೆ ಕಣಮ್ಮ. ನೊಣವಿನಕೆರೇಲಿ ಟೀ ಸಿಕ್ಕಲ್ವಾ?"

ಮಾರನೆಯ ದಿನ ಅವಳು ನೇರವಾಗಿ ಕೇಳಿಯೇಬಿಟ್ಟಳು. "ದಿನಾ ಏನ್ರೀ ಕೆಲಸ ನಿಮಗೆ ತಿಪಟೂರಲ್ಲಿ?"

"ತಿಪಟೂರಲ್ಲಿ ಏನಿಲ್ಲ," ಎಂದ ಪರಮೇಶ್. ಕಿವಿ ಎರಡೂ ಕೆಂಪಗಾಗಿದ್ದವು. "ಕೆಲಸ ಬಸ್ಸಲ್ಲೇ ಐತೆ."

ಹಿಂದಿನ ಸೀಟಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಚೈತ್ರ ನಗದೆ ಇರಲು ತುಟಿ ಕಚ್ಚಿಕೊಂಡಳು, ಆದರೂ ಆಗಲಿಲ್ಲ.

ಅಂಥವನು, ಮದುವೆಯಾಗಿ ವರ್ಷ ತುಂಬಿ ಇನ್ನೂ ಕೆಲವೇ ತಿಂಗಳಾಗಿರುವಾಗ, ಹಾಸನಕ್ಕೆ ಹೋಗು ಎನ್ನುತ್ತಿದ್ದಾನೆ!

ಎಂದಿನಂತೆ ಟಿಕೆಟ್ ಕೊಟ್ಟಳು, ಚಿಲ್ಲರೆ ಕೊಟ್ಟಳು, ಸ್ಟಾಪು ಬಂದಾಗ ಕೂಗಿದಳು. ಒಳಗೆ ಮಾತ್ರ ಒಂದೇ ಪ್ರಶ್ನೆ ಕುದಿಯುತ್ತಿತ್ತು. ಸಾಕಾದೆನೇ? ಊರೂರು ತಿರುಗುವ ಖಾಕಿ ಹೆಂಡತಿ ಈಗ ನಾಚಿಕೆಯೇ? ಅಥವಾ ಮಕ್ಕಳ ಆಸೆಯೇ? ಕೇಳಬಹುದಿತ್ತು. ಬಸ್ಸಿನಲ್ಲಿ ಐವತ್ತು ಜನರ ಬಾಯಿ ಮುಚ್ಚಿಸುವ ಹೆಂಗಸಿಗೆ, ಮನೆಯಲ್ಲಿ ಒಬ್ಬ ಗಂಡಸಿನ ಬಾಯಿ ಬಿಡಿಸಲು ಧೈರ್ಯ ಬರಲಿಲ್ಲ.

ನಾಲ್ಕೈದು ದಿನ ಇಬ್ಬರೂ ಬೇಕಾದಷ್ಟೇ ಮಾತಾಡಿದರು. ಕೊನೆಗೆ ಬಾಯಿ ತೆರೆದವರು ಅತ್ತೆ ಮೀನಾಕ್ಷಮ್ಮ. ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತ, ಆಚೀಚೆ ನೋಡಿ, ಸೊಸೆಯ ಕಿವಿಯ ಹತ್ತಿರ ಬಂದರು.

"ಲೇ, ಅವ್ನು ಕೊಬ್ಬರಿ ಅಟ್ಟ ಹತ್ತಿದ್ದು ನೋಡಿದ್ಯಾ ಈಚೆಗೆ? ಸೊಂಟ ಹಿಡ್ಕೊಂಡು ಓಡಾಡ್ತಾನೆ. ಕೇಳಿದ್ರೆ ಏನಿಲ್ಲ ಬುಡಮ್ಮ ಅಂತಾನೆ. ನನ್ ಹತ್ರ ಬಾಯಿ ಬಿಡಾಕಿಲ್ಲ. ನೀನು ಬಿಡಿಸು."

ಚೈತ್ರಳಿಗೆ ಆಗ ಹೊಳೆಯಿತು. ಬೈಕು ತೆಗೆಯದೆ ಎಷ್ಟು ದಿನವಾಯಿತು! ತನ್ನ ಮೇಲಿನ ಮುನಿಸು ಎಂದುಕೊಂಡಿದ್ದಳಲ್ಲ.

ಮರುದಿನ ಬೆಳಗಿನ ಟ್ರಿಪ್ಪಿನಲ್ಲಿ, ನೊಣವಿನಕೆರೆ ಸ್ಟಾಪಿನಲ್ಲಿ, ಪರಮೇಶ್ ನಿಂತಿದ್ದ. ಬೇರೆ ಬಸ್ಸಿಗೆ ಕಾಯುತ್ತಿದ್ದನೋ ಏನೋ, ಅವಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿದ್ದವರು ತಳ್ಳಿದರು. ಹತ್ತಿದ.

"ಎಲ್ಲಿಗ್ರೀ?" ಅವಳು ಬೇರೆ ಪ್ರಯಾಣಿಕರನ್ನು ಕೇಳಿದ ಹಾಗೇ ಕೇಳಿದಳು.

"ತಿಪಟೂರು."

"ಕೆಲಸ ಅಲ್ಲೇನಾ, ಬಸ್ಸಲ್ಲಾ?"

ಅವನು ಹೋಗಿ ಸೀಟಿನಲ್ಲಿ ಕೂತ. ಕನ್ನಡಿಯಲ್ಲಿ ನೋಡಿದಳು. ಈ ಸಲ ಅವನು ಕಣ್ಣು ತಿರುಗಿಸಲಿಲ್ಲ. ನೋಡುತ್ತಲೇ ಇದ್ದ, ಊರು ಬಿಟ್ಟು ಹೋಗುವವನು ಮನೆಯನ್ನು ಕೊನೆಯ ಸಲ ನೋಡುವ ಹಾಗೆ.

ತಿಪಟೂರು ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಪರಮೇಶ್ ಕಂಬಿ ಹಿಡಿದು, ಮೆಲ್ಲಗೆ ನಡೆದು ಬಂದ. ಚೈತ್ರ ಬಾಗಿಲಿಗೆ ಅಡ್ಡ ನಿಂತಳು. ದೊಡ್ಡಣ್ಣ ಇಬ್ಬರನ್ನೂ ನೋಡಿ, "ನಾನು ಟೀ ಕುಡಿದು ಬತ್ತೀನಿ, ನಿಧಾನಕ್ಕೆ ಬತ್ತೀನಿ," ಎಂದು ತನ್ನ ಕಡೆಯ ಬಾಗಿಲಿನಿಂದ ಧುಮುಕಿದ.

"ಕೂತ್ಕೊಳ್ರೀ," ಎಂದಳು ಚೈತ್ರ.

"ನಿನ್ನ ಡ್ಯೂಟಿ..."

"ಇದೂ ಡ್ಯೂಟೀನೇ. ಕೂತ್ಕೊಳ್ಳಿ."

ಖಾಲಿ ಬಸ್ಸಿನಲ್ಲಿ ಅವನು ಹೇಳಿದ. ಸೊಂಟ ನೋವು ಕೊಬ್ಬರಿ ಮೂಟೆ ಎತ್ತಿದ್ದಕ್ಕೆ ಎಂದುಕೊಂಡಿದ್ದನಂತೆ. ಇಲ್ಲಿನ ಡಾಕ್ಟರು ಯಾಕೋ ಅನುಮಾನ ಬಂದು ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಇರಬಾರದ ಒಂದು ಪ್ರೋಟೀನು ಕಂಡಿತು. ಮತ್ತೊಮ್ಮೆ ಮಾಡಿಸಿದರೂ ಕಂಡಿತು.

"ಮಲ್ಟಿಪಲ್ ಮೈಲೋಮ ಅಂತ. ಮೂಳೆ ಒಳಗಿನ ಮಜ್ಜೆಗೆ ಬರೋ ಕ್ಯಾನ್ಸರ್ರು. ಅದು ಇರಬೌದು ಅಂದ್ರು. ಬೆಂಗಳೂರಿಗೆ ಹೋಗಿ ಅಂದ್ರು."

ಹೊರಗೆ ಯಾರೋ ಅರಸೀಕೆರೆ, ಅರಸೀಕೆರೆ ಎಂದು ಕೂಗುತ್ತಿದ್ದರು. ಚೈತ್ರ ತನ್ನ ಕೈಯಲ್ಲಿದ್ದ ಟಿಕೆಟ್ ಮಷಿನ್ನನ್ನು ಸೀಟಿನ ಮೇಲಿಟ್ಟಳು.

"ಇರಬೌದು ಅಂದ್ರಾ? ಐತೆ ಅಂದ್ರಾ?"

"ಇರಬೌದು ಅಂದ್ರು."

"ಅದಕ್ಕೆ ನನ್ನ ಹಾಸನಕ್ಕೆ ಕಳಿಸೋಕೆ ಹೊರಟ್ರಾ?"

ಅವನ ದನಿ ಇಳಿಯಿತು. "ಒಂದು ಸಲ ನೋಡಿದೀಯ ನೀನು. ಆಸ್ಪತ್ರೆ ಬಾಗಿಲು ಕಾದಿದೀಯ. ಮತ್ತೆ ಅದನ್ನೇ ನಿನ್ನ ಕೈಲಿ ಮಾಡಿಸೋಕೆ ನಾನು ಮದುವೆ ಆದ್ನೇನೇ? ನೀನು ದೂರ ಇದ್ರೆ..."

"ದೂರ ಇದ್ರೆ ನೋವಾಗಲ್ಲ ಅಂತ ಯಾವ ಡಾಕ್ಟ್ರು ಹೇಳಿದ್ರು?"

ಅವಳಿಗೆ ಕೋಪ ಬಂದಿತ್ತು. ಕಣ್ಣಲ್ಲಿ ನೀರೂ ಇತ್ತು. ಆದರೆ ವಿಚಿತ್ರವೆಂದರೆ, ಈ ಐದು ದಿನಗಳಲ್ಲಿ ಮೊದಲ ಬಾರಿಗೆ ನಗು ಉಕ್ಕಿ ಬಂತು.

"ನಾನು ನಿಮಗೆ ಸಾಕಾದೆ ಅನ್ಕೊಂಡಿದ್ದೆ ಕಣ್ರೀ!"

ಪರಮೇಶ್ ಬೆಪ್ಪಾಗಿ ನೋಡಿದ. "ನೀನಾ? ನನಗಾ?"

ಆ ಎರಡು ಮಾತಿನಲ್ಲಿದ್ದ ಬೆರಗನ್ನು ಅವಳು ಆಮೇಲೆ ಎಷ್ಟೋ ದಿನ ನೆನೆದು ನೆನೆದು ಖುಷಿಪಟ್ಟಳು. ಆಗ ಮಾತ್ರ ಶರ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡು, "ಬೆಂಗಳೂರಿಗೆ ಇಬ್ಬರೂ ಹೋಗ್ತೀವಿ. ಅತ್ತೆಗೂ ಹೇಳ್ತೀವಿ. ಇನ್ನೊಂದು ಸಲ ಹಾಸನ ಅಂದ್ರೆ ಬಸ್ಸಿಂದ ಇಳಿಸಿಬಿಡ್ತೀನಿ," ಎಂದಳು.

ಬೆಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಕಾಯುವುದು ಹೇಗೆಂದು ಅವಳು ಮರೆತಿರಲಿಲ್ಲ. ಆ ಫಿನಾಯಿಲ್ ವಾಸನೆ, ಆ ಪ್ಲಾಸ್ಟಿಕ್ ಕುರ್ಚಿ ಎಲ್ಲ ಹಳೆಯ ದಿನಗಳನ್ನು ಎತ್ತಿ ತಂದವು. ಒಳಗೆ ಪರಮೇಶನ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಿದ್ದರು. ಅವಳು ಬಾಗಿಲನ್ನೇ ನೋಡುತ್ತ ಕೂತಿದ್ದಳು.

ಬಹಳ ಹೊತ್ತಿನ ಮೇಲೆ ಅವನು ಕುಂಟುತ್ತ ಹೊರಗೆ ಬಂದ. "ತೆಂಗಿನಕಾಯಿ ಕಣ್ಣಿಗೆ ತೂತು ಕೊರೀತಾರಲ್ಲ, ಹಂಗೇ ಕೊರೆದ್ರು ಕಣೇ."

"ನೀರು ಬಂತಾ?"

"ಎಳನೀರಲ್ಲ ಅಂದ್ರು. ಬಲಿತೈತಂತೆ."

ಇಬ್ಬರೂ ನಕ್ಕ ಸದ್ದಿಗೆ ನರ್ಸ್ ಒಬ್ಬಳು ತಿರುಗಿ ನೋಡಿದಳು. ಚೈತ್ರ ಅವನ ತೋಳಿಗೆ ತೋಳು ಸೇರಿಸಿ ಕರೆದುಕೊಂಡು ಹೋದಳು. ಈ ವರಾಂಡಗಳಲ್ಲಿ ನಗಲೂ ಆಗುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಎಲ್ಲ ಫಲಿತಾಂಶ ಬಂದಮೇಲೆ ಅಲ್ಲಿನ ಡಾಕ್ಟರ್ ಶ್ರೀನಿವಾಸ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಕಿಡ್ನಿ ಚೆನ್ನಾಗಿದೆ. ರಕ್ತ ಕಡಿಮೆಯಾಗಿಲ್ಲ. ಕ್ಯಾಲ್ಸಿಯಂ ಸರಿಯಿದೆ. ಮಜ್ಜೆಯಲ್ಲಿ ಪ್ಲಾಸ್ಮಾ ಅನ್ನೋ ಜೀವಕೋಶ ಸ್ವಲ್ಪ ಹೆಚ್ಚಿವೆ. ಎಷ್ಟು ಹೆಚ್ಚು ಅನ್ನೋದೇ ಪ್ರಶ್ನೆ. ನೂರಕ್ಕೆ ಹತ್ತರ ಹತ್ತಿರ ನಾವೊಂದು ಗೆರೆ ಹಾಕಿಕೊಂಡಿದ್ದೀವಿ, ದಾಟಿದರೆ ಕಾಯಿಲೆಯ ಕಡೆಗೆ ಅಂತ. ಸ್ಲೈಡ್ ನೋಡಿದ ಒಬ್ಬರು ಎಂಟು ಅಂತಾರೆ, ಇನ್ನೊಬ್ಬರು ಹನ್ನೊಂದು ಅಂತಾರೆ."

"ಗೆರೆ ಮೇಲೇ ನಿಂತವ್ರೆ," ಎಂದಳು ಚೈತ್ರ.

"ಹಾಗೇ ಅನ್ಕೊಳ್ಳಿ. ಇನ್ನೊಂದು, ಸ್ಕ್ಯಾನ್ ನೋಡಿದರೆ ಬೆನ್ನುಮೂಳೆಯಲ್ಲಿ ಒಂದು ಸಣ್ಣ ಚುಕ್ಕೆ ಇದೆ. ಅದು ಈ ಕಾಯಿಲೆಯದ್ದೂ ಇರಬಹುದು, ಸುಮ್ಮನೆ ಇರೋ ರಕ್ತನಾಳದ ಗಂಟೂ ಇರಬಹುದು. ಅಂಥ ಗಂಟು ಎಷ್ಟೋ ಜನಕ್ಕೆ ಇರುತ್ತೆ, ಏನೂ ಮಾಡಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ."

"ಅಲ್ಲೀವರೆಗೆ ಔಷಧಿ?" ಎಂದ ಪರಮೇಶ್.

"ಬೇಡ."

"ಸರ್, ಹಂಗಾದ್ರೆ ಇವ್ರು ಪೇಷಂಟಾ, ಅಲ್ವಾ?"

ಡಾಕ್ಟರು ನಕ್ಕರು. "ಒಳ್ಳೇ ಪ್ರಶ್ನೆ ಅಮ್ಮ. ಇವರನ್ನ ನಾನು ನೋಡ್ತಾ ಇರ್ತೀನಿ. ಭಾರ ಎತ್ತಬೇಡಿ. ನೀರು ಚೆನ್ನಾಗಿ ಕುಡೀರಿ. ನಡೀರಿ. ಮೂಳೆಯಲ್ಲಿ ಹೊಸ ನೋವು, ಜ್ವರ, ವಿಪರೀತ ಸುಸ್ತು ಬಂದರೆ ಮೂರು ತಿಂಗಳು ಕಾಯದೆ ಬನ್ನಿ. ಉಳಿದಂತೆ ಬದುಕಿ."

ವಾಪಸ್ ಬರುವಾಗ ಬಸ್ಸು ಗುಬ್ಬಿ ದಾಟಿತು. ಪರಮೇಶ್ ಹೇಳಿದ, "ಐತೆ ಅಂದಿದ್ರೆ ಐತೆ. ಇಲ್ಲ ಅಂದಿದ್ರೆ ಇಲ್ಲ. ಈ ಇರಬೌದು ಅನ್ನೋದನ್ನ ಎಲ್ಲಿ ಇಟ್ಕೊಳ್ಳೋದು ಚೈತ್ರ?"

ಅವನ ತಲೆಯನ್ನು ಮೆಲ್ಲಗೆ ತನ್ನ ಭುಜಕ್ಕೆ ಒರಗಿಸಿಕೊಂಡಳು. "ಸದ್ಯಕ್ಕೆ ಇಲ್ಲಿ ಇಟ್ಕೊಳ್ಳಿ," ಎಂದಳು.

ಆ ಮೂರು ತಿಂಗಳನ್ನು ಹೇಗೆ ಕಳೆದರು ಎಂದರೆ, ಮದುವೆಯಾದ ಹೊಸತರಲ್ಲೂ ಅವರು ಅಷ್ಟು ಮಾತಾಡಿರಲಿಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ತೋಟದ ಬದುವಿನಲ್ಲಿ ಇಬ್ಬರೂ ನಡೆಯುತ್ತಿದ್ದರು. ಅವನು ಒಂದೊಂದು ಮರದ ಕಥೆ ಹೇಳುತ್ತಿದ್ದ: ಇದು ಅಜ್ಜ ನೆಟ್ಟದ್ದು, ಇದು ಸಿಡಿಲಿಗೆ ಸಿಕ್ಕೂ ಉಳಿದದ್ದು, ಇದು ಬಲು ಸೋಮಾರಿ. ಅವಳು ಬಸ್ಸಿನ ಜನರನ್ನು ಅನುಕರಿಸಿ ತೋರಿಸುತ್ತಿದ್ದಳು. ಹೆಂಗಸರಿಗೆ ಫ್ರೀ ಟಿಕೆಟ್ ಎಂದು ಪಕ್ಕದ ಸೀಟಿಗೆ ಕೋಳಿಯನ್ನೂ ಕೂರಿಸಿಕೊಂಡು ಬಂದ ಪುಟ್ಟಗಂಗಮ್ಮನ ಕಥೆಗೆ ಅವನು ಸೊಂಟ ಹಿಡಿದುಕೊಂಡು ನಕ್ಕ.

"ನಗಿಸಬ್ಯಾಡ ಕಣೇ, ನೋಯುತ್ತೆ."

"ಡಾಕ್ಟ್ರು ಭಾರ ಎತ್ತಬೇಡಿ ಅಂದವ್ರೆ. ನಗಬೇಡಿ ಅಂದಿಲ್ಲ."

ಅಟ್ಟದ ಕೆಲಸ ಆಳುಗಳಿಗೆ ಹೋಯಿತು. ಸುದ್ದಿ ಕಿವಿಗೆ ಬಿದ್ದ ನೆಂಟರು ಒಬ್ಬೊಬ್ಬರೂ ಒಂದೊಂದು ಕಷಾಯ ಹೇಳಿದರು. ಎಲ್ಲರಿಗೂ ಮೀನಾಕ್ಷಮ್ಮನದು ಒಂದೇ ಉತ್ತರ: "ಅದಿನ್ನೂ ಬಂದಿಲ್ಲ ಕಣ್ರಪ್ಪ, ಇರಬೌದು ಅಷ್ಟೇ. ಕಾಫಿ ಕುಡೀರಿ." ಮಗನ ತಟ್ಟೆಗೆ ಮಾತ್ರ ದಿನಾ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು.

ಆದರೂ ಒಂದು ಮಧ್ಯಾಹ್ನ ಚೈತ್ರ ಸೋತಳು. ಆಸ್ಪತ್ರೆಯ ದೊಡ್ಡ ಕವರ್ ಎದೆಗವಚಿಕೊಂಡ ಎಳೇ ಹುಡುಗಿಯೊಬ್ಬಳು ಗಂಡನನ್ನು ಕೈಹಿಡಿದು ಬಸ್ಸು ಹತ್ತಿಸಿದ್ದಳು. ಅವಳಿಗೆ ಸೀಟು ಬಿಡಿಸಿಕೊಟ್ಟ ಚೈತ್ರ, ಮನೆಗೆ ಬಂದು, ಕೊಟ್ಟಿಗೆಯಲ್ಲಿ ಹಸುವಿನ ಕತ್ತಿಗೆ ಹಣೆ ಒತ್ತಿ ಅತ್ತಳು. ಹಿಂದೆ ಹೆಜ್ಜೆಯ ಸದ್ದಾಯಿತು.

"ನಾನು ಒಬ್ನೇ ಇಟ್ಕೊಂಡಿದ್ದಕ್ಕೆ ಬೈದವಳು ನೀನು," ಎಂದ ಪರಮೇಶ್. "ಈಗ ಹಸು ಹತ್ರ ಹೇಳ್ತಿದೀಯ."

"ನಂಗೆ ಹೆದರಿಕೆ ಆಗುತ್ತೆ ಕಣ್ರೀ."

"ನಂಗೂ ಆಗುತ್ತೆ. ಬಾ ಈ ಕಡೆ."

ಅವನ ಶರ್ಟಿಗೆ ಒಣಗಿದ ಕೊಬ್ಬರಿಯ ಸಿಹಿ ವಾಸನೆಯಿತ್ತು. ಅವಳು ಅಲ್ಲೇ, ಸಾಕೆನಿಸುವವರೆಗೆ ಅತ್ತಳು. ಅವನು ಸುಮ್ಮನಿರು ಎನ್ನಲಿಲ್ಲ. ಏನೂ ಆಗಲ್ಲ ಎಂಬ ಸುಳ್ಳನ್ನೂ ಹೇಳಲಿಲ್ಲ. ಅವಳ ಜಡೆಗೆ ಸಿಕ್ಕಿದ್ದ ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ಬಿಡಿಸುತ್ತ ನಿಂತಿದ್ದ. ಅಂದಿನಿಂದ ಹೆದರಿಕೆಯನ್ನೂ ಇಬ್ಬರೂ ಜೊತೆಗೇ ಪಟ್ಟರು. ಹಾಗೆ ಪಟ್ಟರೆ ಅದು ಅರ್ಧವಾಗುತ್ತದೆ ಎಂದಲ್ಲ. ಆದರೆ ನಡುವೆ ಯಾರಾದರೂ ಒಬ್ಬರು ತಮಾಷೆ ಮಾಡಿಬಿಡುತ್ತಿದ್ದರು.

ಮೂರು ತಿಂಗಳ ಮೇಲೆ ಡಾಕ್ಟರ್ ಶ್ರೀನಿವಾಸ್ ಎರಡು ಸ್ಕ್ಯಾನ್‌ಗಳನ್ನೂ ಪಕ್ಕಪಕ್ಕ ಪರದೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು. ಮೇಜಿನ ಕೆಳಗೆ ಚೈತ್ರಳ ಬೆರಳುಗಳು ಪರಮೇಶನ ಬೆರಳುಗಳನ್ನು ಹುಡುಕಿಕೊಂಡವು.

"ಚುಕ್ಕೆ ಒಂದಿಷ್ಟೂ ಬೆಳೆದಿಲ್ಲ. ನಮ್ಮ ರೇಡಿಯಾಲಜಿಯವರು ಈಗ ಖಚಿತವಾಗಿ ಹೇಳ್ತಿದ್ದಾರೆ, ಅದು ರಕ್ತನಾಳದ ಗಂಟೇ. ಕ್ಯಾನ್ಸರ್ ಅಲ್ಲ. ಸೊಂಟ ನೋವು ನಿಮ್ಮ ಮೂಟೆಗಳದ್ದು."

ಪರಮೇಶ್ ಉಸಿರು ಬಿಟ್ಟ ಸದ್ದು ಕೋಣೆಗೆಲ್ಲ ಕೇಳಿಸಿತು.

"ಪ್ರೋಟೀನು?" ಚೈತ್ರ ಬಿಡಲಿಲ್ಲ.

"ಇದೆ. ಅಷ್ಟೇ ಇದೆ. ಹೆಚ್ಚಾಗಿಲ್ಲ, ಹೋಗಿಯೂ ಇಲ್ಲ. ನಿಮಗೆ ಸುಳ್ಳು ಹೇಳಲ್ಲ ಅಮ್ಮ. ಕೆಲವರಿಗೆ ಇದು ಹೀಗೇ ಜೀವನಪೂರ್ತಿ ತೆಪ್ಪಗೆ ಇದ್ದುಬಿಡುತ್ತೆ. ಕೆಲವರಿಗೆ ಮುಂದೆ ಕಾಯಿಲೆಯಾಗಿ ತಿರುಗುತ್ತೆ. ಆಗ ಔಷಧಿಗಳಿವೆ, ಒಳ್ಳೆಯ ಔಷಧಿಗಳಿವೆ. ನಿಮ್ಮವರು ಯಾವ ಕಡೆ ಅಂತ ಇವತ್ತು ನನಗೆ ಗೊತ್ತಿಲ್ಲ. ಆರು ತಿಂಗಳು ಬಿಟ್ಟು ಬನ್ನಿ."

ಹೊರಗೆ ಬಂದರೆ ಬೆಂಗಳೂರಿನ ಬಿಸಿಲು, ಹಾರ್ನು, ಹಣ್ಣಿನ ಗಾಡಿಗಳು. ಫುಟ್‌ಪಾತಿನಲ್ಲಿ ಇಬ್ಬರೂ ಎತ್ತ ಹೋಗಬೇಕೆಂದು ತಿಳಿಯದವರಂತೆ ನಿಂತರು.

"ಆರು ತಿಂಗಳು," ಎಂದ ಪರಮೇಶ್. ಅವನ ಮುಖದಲ್ಲಿ ನಗು ನಿಧಾನವಾಗಿ ಹರಡಿತು. "ಆರು ತಿಂಗಳು ನಮ್ದೇ ಕಣೇ!"

"ನಂಗೆ ಇನ್ನೂ ಎರಡು ದಿನ ರಜೆ ಐತೆ," ಎಂದಳು ಚೈತ್ರ. "ನೀವು ಸಮುದ್ರ ನೋಡಿದೀರಾ?"

"ಎಲ್ಲಿ ನೋಡ್ಲಿ? ತೋಟ ಬಿಟ್ಟು ಹೋಗಿದ್ದು ನಿನ್ನ ಬಸ್ಸಿಗೆ ಮಾತ್ರ."

"ನಾನೂ ನೋಡಿಲ್ಲ. ಮುರುಡೇಶ್ವರದ ಬಸ್ಸಿಗೆ ಹೋಗೋಣ."

"ಬಟ್ಟೆ?"

"ಅಂಗಡಿ ಇಲ್ವಾ?"

ಫೋನಿನಲ್ಲಿ ಮೀನಾಕ್ಷಮ್ಮ ವಿಷಯ ಕೇಳಿ ಮೂಗು ಎಳೆದುಕೊಂಡರು. ಆಮೇಲೆ ಜೋರಾಗಿ, "ಹೋಗ್ರಿ ಹೋಗ್ರಿ. ಹಸು ನಾನು ನೋಡ್ಕೋತೀನಿ. ಆ ದಡ್ಡನ್ನ ಜಾಸ್ತಿ ನೀರಿಗೆ ಇಳಿಸಬ್ಯಾಡ, ಈಜು ಬರಾಕಿಲ್ಲ," ಎಂದರು.

ಮರುದಿನ ಬೆಳಿಗ್ಗೆ ಸಮುದ್ರ ಅವರೆದುರಿಗಿತ್ತು. ಅಷ್ಟೊಂದು ನೀರು, ಅಷ್ಟೊಂದು ಬೆಳಕು! ಚೈತ್ರ ಚಪ್ಪಲಿ ಬಿಟ್ಟು, ಹೊಸ ಚೂಡಿದಾರದ ಕಾಲನ್ನು ಮಡಚಿಕೊಂಡು ಓಡಿದಳು. ಪರಮೇಶ್ ದಡದ ತೆಂಗಿನ ಮರಗಳ ಕೆಳಗೇ ಕತ್ತೆತ್ತಿ ನಿಂತುಬಿಟ್ಟಿದ್ದ.

"ರೀ, ಸಮುದ್ರ ಈ ಕಡೆ!"

"ಬಂದೆ ತಡಿಯೇ. ಈ ಮರ ನೋಡು, ಹೆಂಗೆ ಬಗ್ಗಿಬಿಟ್ಟೈತೆ. ಗೊನೆಯೇನೋ ಚೆನ್ನಾಗೈತೆ, ಆದ್ರೆ ಕಾಯಿ ನಮ್ಮ ಕಡೆಯಷ್ಟು ಗಟ್ಟಿ ಇಲ್ಲ..."

"ಹನಿಮೂನಿಗೆ ಬಂದು ಕಾಯಿ ನೋಡೋ ಗಂಡಸು ನೀವೊಬ್ರೇ."

ಹನಿಮೂನು ಎಂಬ ಮಾತು ಕೇಳಿ ಅವನ ಕಿವಿ ಕೆಂಪಗಾಯಿತು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಮರಳಿನ ಮೇಲೆ ಹುಷಾರಾಗಿ ಹೆಜ್ಜೆಯಿಡುತ್ತ ಬಂದ. ಮೊದಲ ಅಲೆ ಪಾದಕ್ಕೆ ತಾಗಿದಾಗ ಅವಳ ತೋಳನ್ನು ಗಬಕ್ಕನೆ ಹಿಡಿದುಕೊಂಡ. ಅಲೆ ಹಿಂದಕ್ಕೆ ಹೋದರೂ ಕೈ ಬಿಡಲಿಲ್ಲ.

ಇಬ್ಬರೂ ಹಾಗೇ ನಿಂತರು. ಅಲೆ ಬಂದು ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತಿತ್ತು. ಅವರು ಜಾಗ ಬದಲಿಸಿ ಮತ್ತೆ ಕಾಲೂರುತ್ತಿದ್ದರು.

"ಚೈತ್ರ."

"ಹ್ಞೂಂ."

"ನಾನು ಇದುವರೆಗೂ ನಿಂಗೆ ಬಾಯಿಬಿಟ್ಟು ಏನೂ ಹೇಳಿಲ್ಲ ಅಲ್ವಾ?"

"ಬಸ್ಸಲ್ಲಿ ಒಂದು ಸಲ ಹೇಳಿದ್ರಿ. ಆಮೇಲೆ ಡಬಲ್ ಬೆಲ್, ಬಸ್ಸು ಹೊರಟೇ ಹೋಯ್ತು."

ಅವನು ನಗಲಿಲ್ಲ. ದೂರದ ನೀರನ್ನು ನೋಡುತ್ತಿದ್ದವನು ಅವಳ ಕಡೆ ತಿರುಗಿದ. ಗಾಳಿಗೆ ಅವಳ ಮುಖಕ್ಕೆ ಬಂದ ಕೂದಲನ್ನು, ಎಲ್ಲ ಜನರ ಎದುರಿಗೇ, ಕಿವಿಯ ಹಿಂದೆ ಸೇರಿಸಿದ.

"ಮುಂಚೆ ಎಲ್ಲ ನಂಗೆ ಏನೂ ಆಸೆ ಇರ್ಲಿಲ್ಲ ಕಣೇ. ಬಂದಷ್ಟು ದಿನ ಬರ್ಲಿ ಅನ್ಕೊಂಡಿದ್ದೆ. ಈಗ ಆಸೆ ಆಗುತ್ತೆ. ಮುದುಕ ಆಗ್ಬೇಕು ಅಂತ ಆಸೆ. ಹಲ್ಲೆಲ್ಲ ಬಿದ್ದು, ಕಿವಿ ಕೇಳದೆ, ನಿನ್ನ ಕೈಲಿ ಬೈಸ್ಕೊಂಡು... ನಿನ್ ಜೊತೆ ಮುದುಕ ಆಗ್ಬೇಕು. ಅಷ್ಟು ಇಷ್ಟ ನೀನು ನಂಗೆ."

ಯಾರೂ ಚೈತ್ರಳ ಹತ್ತಿರ ಇಷ್ಟು ದೊಡ್ಡದನ್ನು ಇಷ್ಟು ಸರಳವಾಗಿ ಕೇಳಿರಲಿಲ್ಲ. ಆಗುತ್ತದೆಂದು ಭಾಷೆ ಕೊಡಲು ಡಾಕ್ಟರಿಗೇ ಆಗಲಿಲ್ಲ, ಅವಳಿಗೆಲ್ಲಿ ಆಗಬೇಕು? ಆದರೆ ಇವತ್ತು ಅವನು ಇದ್ದ. ಒದ್ದೆ ಪ್ಯಾಂಟಿನಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅವಳ ಉತ್ತರಕ್ಕೆ ಪರೀಕ್ಷೆಯ ಹುಡುಗನ ಹಾಗೆ ಕಾಯುತ್ತ ಇದ್ದ.

"ಆಗಿ," ಎಂದಳು. "ಯಾರು ಬ್ಯಾಡ ಅಂದ್ರು? ನಾನೂ ಮುದುಕಿ ಆಗ್ತೀನಿ, ಜೊತೇಲೇ. ಆದ್ರೆ ಒಂದು ಕಂಡೀಷನ್ನು."

"ಏನು?"

"ಕದ್ದು ಮುಚ್ಚಿ ತಲೆಗೆ ಡೈ ಹಾಕ್ಕೊಳ್ತೀರಲ್ಲ, ಇವತ್ತಿಂದ ಅದನ್ನ ಬಿಡ್ಬೇಕು. ಮುದುಕ ಆಗೋದು ನಂಗೂ ಕಾಣ್ಬೇಕಲ್ಲ."

ಪರಮೇಶನ ಕೈ ಗಾಬರಿಯಿಂದ ತಲೆಗೆ ಹೋಯಿತು. "ನಿಂಗೆ ಹೆಂಗೆ ಗೊತ್ತಾಯ್ತು?"

ಚೈತ್ರ ಸಮುದ್ರಕ್ಕೆಲ್ಲ ಕೇಳುವಂತೆ ನಕ್ಕಳು. ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ಇಬ್ಬರನ್ನೂ ಸೊಂಟದವರೆಗೆ ತೋಯಿಸಿತು. ಈಜು ಬಾರದ ಗಂಡ ಅವಳನ್ನು ಎರಡೂ ಕೈಯಿಂದ ತಬ್ಬಿಕೊಂಡ. ಅಲೆ ಇಳಿದು, ನೀರು ಪಾದಕ್ಕೆ ಬಂದು, ಸುತ್ತಲಿನವರೆಲ್ಲ ನೋಡಿ ನಗುತ್ತಿದ್ದರೂ, ಅವನು ಹಾಗೇ ನಿಂತಿದ್ದ. ಅವಳೂ ಬಿಡಿ ಎನ್ನಲಿಲ್ಲ.